ಮೂರಕ್ಷರದ ಊರು, ಏಳು ಡಬ್ಬಿ

ಉಪ್ಪುಂದದ ಹೆದ್ದಾರಿ ಬದಿಯ ಒಂದು ಜೆರಾಕ್ಸ್ ಅಂಗಡಿ. ಯಕ್ಷಗಾನದ ಹರಕೆ ಆಟದ ಹ್ಯಾಂಡ್‌ಬಿಲ್ ಮಾಡಿಸಲು ಬಂದವರು ಮ್ಯಾಟರನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, "ಮಧ್ಯಾಹ್ನದೊಳ್ಗೆ ಆಯ್ಕ್ ಮಾರಾಯ್ರೆ" ಎಂದು ಬೈಂದೂರಿನ ಬಸ್ಸು ಹತ್ತಿದ್ದರು. ಅಂಗಡಿಯವರು ಅದನ್ನು ಪೆನ್‌ಡ್ರೈವಿಗೆ ಹಾಕಿ, ಪೇಜ್‌ಮೇಕರ್‌ಗೆಂದೇ ಸಾಕಿಕೊಂಡಿರುವ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ತೆರೆದರು. ದೂರವಾಣಿ ಸಂಖ್ಯೆಯೊಂದು ಬಿಟ್ಟರೆ ಪುಟ ತುಂಬ ಡಬ್ಬಿ. ಊರಿನ ಹೆಸರಿರಬೇಕಾದ ಜಾಗದಲ್ಲಿ ಏಳು ಡಬ್ಬಿಗಳು ರೇಷನ್ ಸಾಲಿನಂತೆ ನಿಂತಿದ್ದವು.

ಅಂಗಡಿಯವರು ಹಣೆ ಚಚ್ಚಿಕೊಂಡು, ಯಾವುದೋ ಸಿಡಿ ಹುಡುಕಲು ಅಟ್ಟ ಹತ್ತಿದರು. ಆಧಾರ್ ಪ್ರತಿಗಾಗಿ ಕಾದು ಕುಳಿತಿದ್ದ ಪತ್ರಕರ್ತನಿಗೆ ಬೇರೆ ಕೆಲಸವಿರಲಿಲ್ಲ. ಪರದೆಗೆ ಮುಖವಿಟ್ಟು, "ನೀವು ಯಾರು?" ಎಂದು ಕೇಳಿಯೇಬಿಟ್ಟ. ಏಳರಲ್ಲಿ ಮೂರನೆಯ ಡಬ್ಬಿ ಗಂಟಲು ಸರಿಮಾಡಿಕೊಂಡಿತು.

"ನಾನು ಅಕ್ಷರವಲ್ಲ. ಅಕ್ಷರ ರಜೆಯಲ್ಲಿದೆ, ನಾನು ಪ್ರಭಾರ. ಫಾಂಟಿನಲ್ಲಿ ಬೇಕಾದ ಆಕಾರ ಸಿಗದಿದ್ದಾಗ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸುತ್ತಾರೆ. ಸಹಿ ಮಾಡುವ ಅಧಿಕಾರ ಮಾತ್ರ ಇಲ್ಲ."

"ಉಪ್ಪುಂದ ಅಂದರೆ ಮೂರೇ ಅಕ್ಷರ. ಏಳು ಜನ ಯಾಕೆ ಬಂದಿರಿ?"

"ಕಣ್ಣಿಗೆ ಮೂರು. ಲೆಕ್ಕಕ್ಕೆ ಏಳು. ಉ, ಪ, ಹಲಂತ, ಇನ್ನೊಂದು ಪ, ಕೊಂಬು, ಅನುಸ್ವಾರ, ದ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಕೊಟ್ಟಿದ್ದಾರೆ. ಪ್ರತಿ ಮನೆಯಿಂದ ಒಬ್ಬೊಬ್ಬರು ಬರುತ್ತಾರೆ. ಯಾರು ಯಾರ ಕಾಲಡಿ ಕೂರಬೇಕು, ಯಾರು ತಲೆ ಮೇಲೇರಬೇಕು ಎಂದು ಜೋಡಿಸುವುದು ಕಂಪ್ಯೂಟರಿನ ಕೆಲಸ. ಈ ಯಂತ್ರಕ್ಕೆ ಆ ಕೆಲಸ ಕಲಿಸಿಲ್ಲ, ಯೂನಿಕೋಡ್ ಕನ್ನಡದ ಫಾಂಟನ್ನೂ ಕೊಟ್ಟಿಲ್ಲ. ಹಾಗಾಗಿ ಏಳೂ ಮನೆಗೆ ಬೀಗ."

ಎಕ್ಸ್‌ಪಿ ಬಂದದ್ದು 2001ರಲ್ಲಿ. ಕನ್ನಡಕ್ಕೆಂದು 'ತುಂಗಾ' ಎಂಬ ಫಾಂಟು ಅದರ ಜತೆಗೇ ಇತ್ತು. ಆದರೆ ಅದು ತಾನಾಗಿ ಹೊರಗೆ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿನ ಭಾಷೆಯ ವಿಭಾಗಕ್ಕೆ ಹೋಗಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂಬ ಕಡೆ ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ವಿಂಡೋಸ್ ಸಿಡಿ ಕೇಳುತ್ತದೆ. ಅಂಗಡಿಯವರು ಅಟ್ಟದಲ್ಲಿ ಹುಡುಕುತ್ತಿದ್ದದ್ದು ಅದನ್ನೇ. ಸಾವಿರದೈನೂರು ವರ್ಷ ಹಳೆಯ ಶಾಸನಗಳಿರುವ ಲಿಪಿಯೊಂದು ಒಂದು ಟಿಕ್ಕಿಗಾಗಿ ಕಾಯುವುದು ಸಣ್ಣ ಅವಮಾನವೇನಲ್ಲ. ಡಬ್ಬಿ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ.

"ನಿಮ್ಮನ್ನು ಕಂಡರೆ ಜನರಿಗೆ ಸಿಟ್ಟು," ಎಂದ ಪತ್ರಕರ್ತ.

"ಗೊತ್ತು. ಹೊರದೇಶದಲ್ಲಿ ನಮಗೆ 'ಟೋಫು' ಎಂದು ಅಡ್ಡಹೆಸರು. ಸೋಯಾ ಹಾಲಿನ ಗಟ್ಟಿಯನ್ನು ಕತ್ತರಿಸಿಟ್ಟ ಹಾಗೆ ಕಾಣುತ್ತೇವಂತೆ. ನಮ್ಮ ಸಂತತಿ ತೊಲಗಲಿ ಎಂದೇ ಗೂಗಲ್‌ನವರು ತಮ್ಮ ಫಾಂಟುಗಳಿಗೆ 'ನೋಟೋ' ಎಂದು ಹೆಸರಿಟ್ಟರು, 'ನೋ ಟೋಫು' ಅಂತ. ಉಪ್ಪುಂದದವರು ನೋಡಿದ್ದರೆ ಹಾಲ್ಬಾಯಿ ಅನ್ನುತ್ತಿದ್ದರು, ಸ್ವಲ್ಪ ಮರ್ಯಾದೆ ಇರುತ್ತಿತ್ತು. 2012ರಲ್ಲಿ ಆಂಡ್ರಾಯ್ಡ್ 4.1 ಬಂದು ಕನ್ನಡ ಕಲಿತ ಮೇಲೆ ಮೊಬೈಲಿನಲ್ಲೂ ನಮಗೆ ಕೆಲಸ ಕಡಿಮೆಯಾಯಿತು. ಆದರೆ ಒಂದು ಮಾತು ಬರೆದುಕೊಳ್ಳಿ: ನಾನು ಸುಳ್ಳು ಹೇಳುವವನಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ತೋರಿಸುತ್ತೇನೆ. ಸುಳ್ಳು ಹೇಳುವವರು ಪಕ್ಕದ ಫೋಲ್ಡರಿನಲ್ಲಿದ್ದಾರೆ, ಅದನ್ನು ತೆರೆಯಿರಿ."

ಪಕ್ಕದ ಫೋಲ್ಡರಿನಲ್ಲಿ ಹಳೆಯ ಹ್ಯಾಂಡ್‌ಬಿಲ್‌ಗಳು. ಎಲ್ಲವೂ 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿದವು, ಓದಲು ಚೆಂದವಾಗಿದ್ದವು. ಡಬ್ಬಿಯ ಸೂಚನೆಯಂತೆ ಪತ್ರಕರ್ತ ಒಂದು ಸಾಲನ್ನು ಆಯ್ದು ಫಾಂಟು ಬದಲಿಸಿದ. ಕನ್ನಡ ಕಳಚಿ ಬಿತ್ತು. 'ಕನ್ನಡ' ಎಂದಿದ್ದ ಕಡೆ ಇಂಗ್ಲಿಷಿನ ಪಿ, ತಲೆಗೆ ಗೀಟು ಬಿದ್ದ ಎ, ಬ್ರಿಟಿಷರ ಪೌಂಡು, ಮತ್ತೊಂದು ಎ, ಜರ್ಮನ್ನರ ಎಸ್‌ಸೆಟ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಎ.

"ಕಂಡ್ರ್ಯಾ?" ಡಬ್ಬಿಗೆ ಹುಮ್ಮಸ್ಸು ಬಂದು ಗ್ರಂಥದ ಕನ್ನಡ ಜಾರಿತು. "ಎಂಟು ಬಿಟ್ಟಿನ ಕಾಲದಲ್ಲಿ ಒಟ್ಟು 256 ಕುರ್ಚಿ. ಎಲ್ಲ ಕುರ್ಚಿಗೂ ಮೊದಲೇ ಮಾಲೀಕರಿದ್ದರು. ನಮ್ಮವರು ಮಾಲೀಕರ ಹೆಸರು ಹಾಗೇ ಬಿಟ್ಟು, ಮೇಲೆ ಕನ್ನಡದ ಆಕಾರ ಹೊದಿಸಿದರು. ನಿಮ್ಮ 'ನ' ಒಳಗೆ ಪೌಂಡು. ಉಪ್ಪುಂದದ 'ಪ' ಜಪಾನಿನ ಯೆನ್. ಅರ್ಕಾವೊತ್ತು ಐಸ್‌ಲ್ಯಾಂಡಿನ ಯಾವುದೋ ಅಕ್ಷರದ ಜಾಗದಲ್ಲಿ ಬಾಡಿಗೆಗಿದೆ. ವೇಷ ಕಟ್ಟಿದ್ದು ಪಸಂದಾಗಿದೆ, ಚೌಕಿಯಲ್ಲಿ ಬಣ್ಣ ತೊಳೆದರೆ ಮಾತ್ರ ಬೇರೆಯೇ ಮನುಷ್ಯ."

ಬಯ್ಯುವುದು ಸುಲಭ, ಆದರೆ ಆ ಕಾಲದ ಜಾಣತನ ಸಣ್ಣದಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂದಾಗ, ಕನ್ನಡ ಟೈಪು ಮಾಡಲು ಸಾವಿರಾರು ರೂಪಾಯಿ ತೆರಬೇಕಾಗಿಲ್ಲ ಎಂಬುದೇ ಸುದ್ದಿಯಾಗಿತ್ತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಅದರ ಕೀಲಿಮಣೆಗೆ ಆಧಾರವಾದದ್ದು ಮಂಗಳೂರು ಸಮೀಪದ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರ ವಿನ್ಯಾಸ. ಕರಾವಳಿಯ ಮಿದುಳು ಹಾಕಿಕೊಟ್ಟ ಆ ದಾರಿಯಲ್ಲೇ ಈ ಅಂಗಡಿಯ ಬೆರಳುಗಳು ಇವತ್ತಿಗೂ ಓಡುತ್ತಿವೆ. ತೊಂದರೆ ಕೀಲಿಮಣೆಯದಲ್ಲ, ಬೆರಳು ಒತ್ತಿದ ಮೇಲೆ ಒಳಗೆ ಏನು ಉಳಿಯುತ್ತದೆ ಎಂಬುದರದು. ನುಡಿಯಲ್ಲಿ ಉಳಿಸಿದ್ದನ್ನು 'ಶ್ರೀಲಿಪಿ' ಎಂಬ ಇನ್ನೊಂದು ತಂತ್ರಾಂಶದ ಫಾಂಟಿಗೆ ಹಾಕಿದರೆ ಮತ್ತೊಂದು ಭಾಷೆಯೇ ಹುಟ್ಟುತ್ತದೆ.

"ವೇಷವಾದರೇನು, ಅಚ್ಚಿನಲ್ಲಿ ಸರಿ ಬಂದರೆ ಸಾಕಲ್ಲ?"

"ಖಸೆಂಬರ್ ಎಂಬ ತಿಂಗಳ ಹೆಸರು ಕೇಳಿದ್ದೀರಾ?"

ಪತ್ರಕರ್ತ ಕೇಳಿರಲಿಲ್ಲ. ಡಬ್ಬಿ ವಿವರಿಸಿತು. ನುಡಿಯಲ್ಲಿ 'ಡಿ' ಎಂದರೆ ಒಳಗೆ ಚಿಕ್ಕ ಆರ್, 'ಖ' ಎಂದರೆ ದೊಡ್ಡ ಆರ್. ವಾಕ್ಯದ ಆರಂಭದಲ್ಲಿ 'ಡಿಸೆಂಬರ್' ಎಂದು ಟೈಪಿಸಿ ಸ್ಪೇಸ್ ಒತ್ತಿದರೆ, ವರ್ಡ್ ಅದನ್ನು ಇಂಗ್ಲಿಷ್ ಎಂದೇ ತಿಳಿದು ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. ಡಿಸೆಂಬರ್ ಹೋಗಿ ಖಸೆಂಬರ್ ಆಗುತ್ತದೆ. ತಿದ್ದಿದರೆ ಮತ್ತೆ ಅದೇ ಆಗಬಹುದು. ಆಟೋಕರೆಕ್ಟ್‌ಗೆ ಹೋಗಿ, ವಾಕ್ಯದ ಮೊದಲಕ್ಷರ ದೊಡ್ಡದು ಮಾಡುವ ಟಿಕ್ಕನ್ನು ತೆಗೆಯದೆ ಅದು ಬಿಡುವುದಿಲ್ಲ. ಇದು ತಿಳಿಯದೆ ಫಾಂಟನ್ನು ನಾಲ್ಕು ಸಲ ತೆಗೆದು ಹಾಕಿದವರಿದ್ದಾರೆ, ವೈರಸ್ ಎಂದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದವರೂ ಇದ್ದಿರಬಹುದು.

"ಇನ್ನೊಂದು ಕಾಯಿಲೆ ಒತ್ತಕ್ಷರ ಕಡಿದು ಹೋಗುವುದು," ಎಂದು ಡಬ್ಬಿ ಮುಂದುವರಿಸಿತು. "ಲೈನ್ ಸ್ಪೇಸಿಂಗನ್ನು 'ಎಗ್ಸಾಕ್ಟ್ಲಿ' ಎಂದು ಬಿಗಿದಿಟ್ಟರೆ ಕನ್ನಡಕ್ಕೆ ಕಾಲು ಚಾಚಲು ಜಾಗ ಸಾಲದು. ಇಂಗ್ಲಿಷಿನ ಅಳತೆಯ ಮಂಚ ಅದು. 'ಸಿಂಗಲ್' ಮಾಡಿ, ಕಾಲು ಮರಳಿ ಬರುತ್ತದೆ. ಹಳೆ ಡಾಕ್ ಫೈಲು ತೆರೆದಾಗ ಮೇಲೆ 'ಕಂಪ್ಯಾಟಿಬಿಲಿಟಿ ಮೋಡ್' ಎಂದು ಬರುತ್ತದಲ್ಲ, ಅದಕ್ಕೆ ಹೆದರುವವರೂ ಇದ್ದಾರೆ. 2007ರಲ್ಲಿ ಡಾಕ್ಸ್ ಬಂದ ಮೇಲೆ ಹಿರಿಯರಿಗೆ ಬೇರೆ ಎಲೆ ಹಾಕಿದ್ದು, ಅಷ್ಟೇ."

"ಹಾಗಾದರೆ ಎಲ್ಲರೂ ಯೂನಿಕೋಡ್‌ಗೆ ಬಂದರೆ ವೇಷ ಮುಗಿಯುತ್ತದೆ."

ಡಬ್ಬಿ ಸ್ವಲ್ಪ ಹೊತ್ತು ಸುಮ್ಮನಿತ್ತು. ನಂತರ ಒಂದು ಕೆಲಸ ಹೇಳಿತು. ಪತ್ರಕರ್ತ ತನ್ನ ಮೊಬೈಲಿನಲ್ಲಿ ಆ ಹ್ಯಾಂಡ್‌ಬಿಲ್‌ನ ಮ್ಯಾಟರ್ ತೆರೆದು 'ಉಪ್ಪುಂದ' ಎಂದು ಹುಡುಕಿದ. ಹೆಸರು ಕಣ್ಣಿಗೆ ಮೂರು ಕಡೆ ಕಾಣುತ್ತಿತ್ತು, ಫೋನು ಎರಡೇ ಎಂದಿತು.

"ಮೂರನೆಯದರಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿದ್ದಾರೆ. ನೋಡಲು ಎರಡೂ ಒಂದೇ ಗೋಲ. ಯಂತ್ರಕ್ಕೆ ಅದು ಉಪ್ಪು, ಸೊನ್ನೆ, ದ. ಕಾಂಬುಕೆ ಸಮ ಇದ್ರೆ ಸಾಕ್ ಅಂಬುದ್ ನಿಮ್ಮಲ್ಲಿ ಯಾವಾಗ್ ಹೋತ್? ಫಾಂಟಿಗೆ ನಾನೆಂತ ಬೈಯುದ್?"

ಅದಕ್ಕೆ ಪತ್ರಕರ್ತನಲ್ಲಿ ಉತ್ತರವಿರಲಿಲ್ಲ. ತನ್ನ ಪತ್ರಿಕೆಗೆ ಲೇಖನ ಕಳಿಸುವಾಗ ತಾನೂ ಸೊನ್ನೆಯನ್ನೇ ಒತ್ತುತ್ತಿದ್ದೆನಲ್ಲ ಎಂಬುದು ನೆನಪಾಯಿತು. ಮಾತು ಬದಲಿಸಲು, "ಈ ಏಳರಲ್ಲಿ ನೀವು ಯಾರು? ನಿಮ್ಮ ಸ್ವಂತ ಅಕ್ಷರ ಯಾವುದು?" ಎಂದು ಕೇಳಿದ.

"ನಾನು ಮೂರನೆಯವನು. ಎಣಿಸಿಕೊಳ್ಳಿ. ನನಗೊಂದು..."

ಅಷ್ಟರಲ್ಲಿ ಅಂಗಡಿಯವರು ಮೈತುಂಬ ಜೇಡರ ಬಲೆ ಹೊತ್ತು ಅಟ್ಟದಿಂದ ಇಳಿದರು. ಕೈಯಲ್ಲಿ ಸಿಡಿ. ಟಿಕ್ ಬಿತ್ತು, ಯಂತ್ರ ಗೊರಗೊರ ಎಂದಿತು, ಮುಚ್ಚಿ ಮತ್ತೆ ತೆರೆಯಿತು. ಫೈಲಿನಲ್ಲಿ ತುಂಗಾ ಫಾಂಟಿನ ಕನ್ನಡ ನಿಂತಿತ್ತು, ಸ್ವಲ್ಪ ಬಡಕಲಾದರೂ ಲಕ್ಷಣವಾಗಿ. ಸ್ಥಳ: ಉಪ್ಪುಂದ.

ಪತ್ರಕರ್ತ ಪರದೆಗೆ ಬೆರಳಿಟ್ಟು ಎಣಿಸಿದ. ಉ. ಪ. ಮೂರನೆಯವನಿಗೆ ಎಲ್ಲೂ ಜಾಗವಿರಲಿಲ್ಲ. ಪಕಾರದ ಕಾಲಡಿ ಇನ್ನೊಂದು ಪಕಾರ ಕೂತಿತ್ತು.

"ಎಂತ ಹುಡ್ಕುದ್?" ಎಂದರು ಅಂಗಡಿಯವರು.

"ಇಲ್ಲೊಬ್ಬರಿದ್ದರು."

"ಎಲ್ಲ ಸಮ ಬಂದಿತ್ತಲೆ, ಇನ್ನೆಂತ?" ಎನ್ನುತ್ತ ಅವರು ಮ್ಯಾಟರನ್ನೆಲ್ಲ ಆಯ್ದು ಕಾಪಿ ಮಾಡಿದರು. ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ಅದನ್ನು ತಿರುಗಿ ನುಡಿಗೆ ಇಳಿಸಬೇಕಿತ್ತು.