ಡಬಲ್ ಮೇಜರ್, ಸಕ್ಕರೆ 41

(ಅರಸೀಕೆರೆ. 2023ರ ಸೆಪ್ಟೆಂಬರಿನ ಒಂದು ಸಂಜೆ. ಶಿವಣ್ಣನ ಕಿರಾಣಿ ಅಂಗಡಿ. ಗಲ್ಲಾದ ಮುಂದೆ ಶಿವಣ್ಣ, ಅಕ್ಕಿ ಮೂಟೆಯ ಮೇಲೆ ಮಗಳು ಕಾವ್ಯ, ಅವಳ ಕೈಯಲ್ಲಿ ಕಾಲೇಜಿನ ಫಾರಂ. ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚಿನವಳು. ಎರಡು ವರ್ಷ ಎರಡು ವಿಷಯವನ್ನು ಸಮಸಮ ಓದಿದ ಮೇಲೆ ಐದನೇ ಸೆಮಿಸ್ಟರಿಗೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳಬೇಕು. ಜೀವ ಗಟ್ಟಿ ಇದ್ದವರು ಎರಡನ್ನೂ ಮೇಜರ್ ಮಾಡಿಕೊಳ್ಳಬಹುದು. 2024ರಲ್ಲಿ ಸರ್ಕಾರ ಈ ಏರ್ಪಾಟನ್ನೇ ಕೈಬಿಟ್ಟಿತು. ಆದರೆ ಆ ಸಂಜೆ ಅದು ಇವರಿಬ್ಬರಿಗೂ ಗೊತ್ತಿಲ್ಲ.)

ಕಾವ್ಯ: ಅಪ್ಪ, ಇಲ್ಲೊಂದು ಸೈನ್ ಹಾಕು.

ಶಿವಣ್ಣ: ಓದದೆ ಸೈನ್ ಹಾಕಿ ಒಬ್ಬನಿಗೆ ಜಾಮೀನು ನಿಂತು ಅನುಭವಿಸಿದ್ದು ಸಾಕು. ಏನಿದು?

ಕಾವ್ಯ: ಇಕನಾಮಿಕ್ಸ್ ಮೇಜರ್ ಇದ್ದೇ ಇದೆ. ಅದರ ಜೊತೆ ಮ್ಯಾಥ್ಸೂ ಮೇಜರ್.

ಶಿವಣ್ಣ: ಒಂದಕ್ಕೇ ಮಧ್ಯರಾತ್ರಿವರೆಗೂ ಲೈಟ್ ಉರಿಯುತ್ತೆ. ಎರಡಾದ್ರೆ ಕರೆಂಟ್ ಬಿಲ್ ಯಾರು ಕಟ್ತಾರೆ?

ಕಾವ್ಯ: 200 ಯೂನಿಟ್ ಫ್ರೀ ಬಂತಲ್ಲಪ್ಪ, ಗೃಹಜ್ಯೋತಿ.

ಶಿವಣ್ಣ: ನಿನ್ನ ಮ್ಯಾಥ್ಸ್ ಸೇರಿದ್ರೆ 201 ಆಗುತ್ತೆ. ಒಂದು ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ತಲೆ ಮೇಲೆ.

ಕಾವ್ಯ: ನೋಡು, ಇದನ್ನೇ ನಾವು ಡಿಸ್‌ಕಂಟಿನ್ಯುಯಿಟಿ ಅನ್ನೋದು. ಒಂದು ಹೆಜ್ಜೆ ಮುಂದಿಟ್ರೆ ಗೆರೆ ಹಾಗೇ ಮೇಲಕ್ಕೆ ಹಾರುತ್ತೆ.

ಶಿವಣ್ಣ: ಗೆರೆ ಹಾರಲಿ, ನನ್ನ ದುಡ್ಡು ಹಾರಬಾರದು.

(ಗೌರಮ್ಮ ಚೀಲ ಹಿಡಿದು ಬರುತ್ತಾಳೆ.)

ಗೌರಮ್ಮ: ಅರ್ಧ ಕೆಜಿ ತೊಗರಿಬೇಳೆ, ಎರಡು ಕೆಜಿ ಸಕ್ಕರೆ, ಒಂದು ಸಾಸಿವೆ ಪ್ಯಾಕೆಟ್.

ಶಿವಣ್ಣ: ಕಾವ್ಯಾ, ಬೇಳೆ 78, ಸಕ್ಕರೆ 82, ಸಾಸಿವೆ 14. ಎಷ್ಟಾಯ್ತು ಹೇಳು.

(ಕಾವ್ಯ ಮೊಬೈಲಿಗೆ ಕೈ ಹಾಕುತ್ತಾಳೆ.)

ಗೌರಮ್ಮ: 174 ಕಣವ್ವ. ತಗೋ. (ದುಡ್ಡು ಕೊಟ್ಟು ಹೋಗುತ್ತಾಳೆ.)

ಶಿವಣ್ಣ: ಶಾಲೆಯ ಮೆಟ್ಟಿಲು ಹತ್ತದ ಗೌರಮ್ಮ ಹೇಳಿದ್ಲು. ನಿನಗೆ ಡಬಲ್ ಮೇಜರ್ರು.

ಕಾವ್ಯ: ನಮ್ಮ ಪುಸ್ತಕದಲ್ಲಿ ಈಗ ಅಂಕಿ ಕಾಣೋದು ಪುಟದ ನಂಬರಲ್ಲಿ ಮಾತ್ರ ಅಪ್ಪ. ಬಡ್ಡಿ, ಪಾಲು, ಚಿನ್ನಕ್ಕೆ ಬೆರಕೆ, ಈ ಲೆಕ್ಕ ಎಲ್ಲ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲೇ ಬರೆದಿಟ್ಟಾಯ್ತು, ಗಣಿತಸಾರಸಂಗ್ರಹದಲ್ಲಿ. ನೃಪತುಂಗನ ಕಾಲ.

ಶಿವಣ್ಣ: ಅಂದ್ರೆ ಉಪಯೋಗಕ್ಕೆ ಬರೋದೆಲ್ಲ ಸಾವಿರ ವರ್ಷದ ಹಿಂದೆಯೇ ಮುಗೀತು. ಉಳಿದದ್ದನ್ನ ನಿಮ್ಮ ಸಿಲಬಸ್ಸಿಗೆ ಹಾಕಿದ್ದಾರೆ.

ಕಾವ್ಯ: ನಾವು ಮಾಡೋದು ಸಾಬೀತು. ಈಗ 0.999… ಅಂತ ಒಂಬತ್ತುಗಳು ಮುಗಿಯದೆ ಹೋಗ್ತಾನೇ ಇವೆ ಅಂದ್ಕೋ. ಅದು ಒಂದಕ್ಕೆ ಹತ್ತಿರ ಅಲ್ಲ, ಒಂದೇ.

ಶಿವಣ್ಣ: ಮೆಲ್ಲಗೆ ಹೇಳು, ಚಪ್ಪಲಿ ಅಂಗಡಿಯವರು ಕೇಳಿಸ್ಕೊಂಡಾರು. 999ರ ಮೇಲೆ ಬದುಕ್ತಿರೋ ಜನ.

ಕಾವ್ಯ: ಒಂದನ್ನ ಮೂರರಿಂದ ಭಾಗಿಸು. 0.333… ತಾನೇ? ವಾಪಸ್ ಮೂರರಿಂದ ಗುಣಿಸು. 0.999… ಬಂತು. ಆದ್ರೆ ಮೂರು ಪಾಲು ಸೇರಿದ್ರೆ ಒಂದೇ ಆಗಬೇಕಲ್ವಾ?

ಶಿವಣ್ಣ: ಒಂದು ರೂಪಾಯಿ ಮೂರು ಜನಕ್ಕೆ ಹಂಚಿದ್ರೆ ತಲೆಗೆ 33 ಪೈಸೆ, ಉಳಿದ ಒಂದು ಪೈಸೆ ಹಂಚಿದವನದು. ಆ ಪೈಸೇನ ನೀವು ಕೊನೆಯಿಲ್ಲದೆ ಹಂಚ್ತಾ ಕೂರ್ತೀರಿ. ನಾವು ಅದರಲ್ಲಿ ಮನೆ ಕಟ್ತೀವಿ.

ಕಾವ್ಯ: ಸರಿ, ವ್ಯಾಪಾರಕ್ಕೇ ಬರೋಣ. ಸಕ್ಕರೆ ನಿನಗೆ ಎಷ್ಟಕ್ಕೆ ಬೀಳುತ್ತೆ?

ಶಿವಣ್ಣ: 40. ಮಾರೋದು 41ಕ್ಕೆ.

ಕಾವ್ಯ: ಎದುರಂಗಡಿಯವರೂ 41. ಯಾಕೆ?

ಶಿವಣ್ಣ: ನಾನು 42 ಮಾಡಿದ್ರೆ ಗಿರಾಕಿ ರಸ್ತೆ ದಾಟ್ತಾರೆ. 40 ಮಾಡಿದ್ರೆ ಅಸಲು, ಗಿಟ್ಟೋದು ಸೊನ್ನೆ. ಅವನಿಗೂ ಅದೇ ಕಥೆ. ಅದಕ್ಕೇ ಇಬ್ಬರೂ ತೆಪ್ಪಗಿದ್ದೀವಿ.

ಕಾವ್ಯ: ಇದೇ ನ್ಯಾಶ್ ಸಮತೋಲ! ಯಾರೊಬ್ಬರೇ ಅಲುಗಾಡಿದ್ರೂ ಅವರಿಗೆ ಲಾಭ ಇಲ್ಲ. ಜಾನ್ ನ್ಯಾಶ್ ಅಂತ, ಪ್ರಿನ್ಸ್‌ಟನ್ನಿನಲ್ಲಿ ಮ್ಯಾಥ್ಸ್ ಓದ್ತಿದ್ದವನು. 1950ರಲ್ಲಿ 28 ಪುಟದ ಥೀಸಿಸ್ ಬರೆದ. ಅದಕ್ಕೇ 1994ರಲ್ಲಿ ಇಕನಾಮಿಕ್ಸ್ ನೊಬೆಲ್ ಬಂತು.

ಶಿವಣ್ಣ: 44 ವರ್ಷ ಆದ್ಮೇಲಾದ್ರೂ ವಸೂಲಾಯ್ತಲ್ಲ, ಪುಣ್ಯವಂತ. ನನ್ನ ಉದ್ರಿ ಪುಸ್ತಕ 200 ಪುಟ ಇದೆ, ಯಾರೂ ಕೇಳೋರಿಲ್ಲ.

ಕಾವ್ಯ: ಆಟಗಾರರು ಎಷ್ಟೇ ಜನ ಇರಲಿ, ಪ್ರತಿಯೊಬ್ಬರಿಗೂ ಇರೋ ದಾರಿಗಳು ಎಣಿಕೆಗೆ ಸಿಗೋಷ್ಟಿದ್ರೆ, ಬೇಕಾದ್ರೆ ನಾಣ್ಯ ಚಿಮ್ಮಿ ಆರಿಸ್ಕೊಳ್ಳೋಕೂ ಬಿಟ್ರೆ, ಇಂಥದೊಂದು ಸಮತೋಲ ಇದ್ದೇ ಇರುತ್ತೆ ಅಂತ ತೋರಿಸಿದ.

ಶಿವಣ್ಣ: ಎಲ್ಲಿರುತ್ತೆ?

ಕಾವ್ಯ: ಅದನ್ನ ಆ ಥಿಯರಮ್ ಹೇಳಲ್ಲ. ಇದೆ ಅಂತ ಅಷ್ಟೇ ಗ್ಯಾರಂಟಿ.

ಶಿವಣ್ಣ: ಸಾಲ ತಗೊಂಡವರೂ ಹಂಗೇ ಹೇಳೋದು. ‘ದುಡ್ಡು ಇದೆ ಶಿವಣ್ಣ.’ ಎಲ್ಲಿದೆ ಅಂತ ಇವತ್ತಿನವರೆಗೂ ಯಾರೂ ತೋರಿಸಿಲ್ಲ. ಅವರಿಗೆ ನೊಬೆಲ್ ಇಲ್ಲ, ಪಾಪ.

ಕಾವ್ಯ: ನಮ್ಮ ಇಕನಾಮಿಕ್ಸ್ ಪುಸ್ತಕ ಅಲ್ಲಿಗೇ ಕೈ ತೊಳ್ಕೊಳ್ಳುತ್ತೆ. ಯಾಕೆ ಇರಲೇಬೇಕು ಅಂತ ತಿಳೀಬೇಕಾದ್ರೆ ಫಿಕ್ಸ್‌ಡ್ ಪಾಯಿಂಟ್ ಥಿಯರಮ್ ಬೇಕು, ಅದಕ್ಕೆ ರಿಯಲ್ ಅನಾಲಿಸಿಸ್ ಬೇಕು. ಮುಂದೆ ಐಎಸ್‌ಐನಲ್ಲಿ ಇಕನಾಮಿಕ್ಸ್ ಓದೋಕೆ ಎಂಟ್ರೆನ್ಸಲ್ಲಿ ಮ್ಯಾಥ್ಸೂ ಕೇಳ್ತಾರೆ.

ಶಿವಣ್ಣ: ಐಎಸ್‌ಐ ಅಂದ್ರೆ ಇಸ್ತ್ರಿಪೆಟ್ಟಿಗೆ ಮೇಲಿರೋ ಮಾರ್ಕು?

ಕಾವ್ಯ: ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಮಹಲನೋಬಿಸ್ ಕಟ್ಟಿದ್ದು.

ಶಿವಣ್ಣ: (ಫಾರಂ ತಿರುಗಿಸಿ ನೋಡುತ್ತ) ಒಂದು ಕರಾರು. ಫೇಲಾದ್ರೆ ಅಂಗಡೀಲಿ ಕೂರಬೇಕು.

ಕಾವ್ಯ: ಅಂದ್ರೆ ಪಾಸಾದ್ರೆ ಕೂರೋ ಹಾಗಿಲ್ಲ!

ಶಿವಣ್ಣ: ಹಂಗಂತ ನಾನ್ಯಾವಾಗ ಅಂದೆ? ಫೇಲಾದ್ರೆ ಕೂರಬೇಕು ಅಂದೆ. ಪಾಸಾದ್ರೆ ಏನು ಅಂತ ಬಾಯೇ ಬಿಟ್ಟಿಲ್ಲ.

ಕಾವ್ಯ: (ಮೂಟೆಯಿಂದ ಇಳಿದು) ಅಪ್ಪ! ಮೊದಲನೇ ಸೆಮಿಸ್ಟರಲ್ಲಿ ಇದೇ ಪ್ರಶ್ನೆಗೆ ನಮ್ಮ ಅರ್ಧ ಕ್ಲಾಸು ತಪ್ಪು ಬರೆದಿತ್ತು.

ಶಿವಣ್ಣ: ಅವರ ಮನೇಲಿ ಯಾರೂ ಉದ್ರಿ ಕೊಟ್ಟಿರಲ್ಲ. (ಸೈನ್ ಹಾಕುತ್ತಾನೆ.)

(ಗೌರಮ್ಮ ಸಕ್ಕರೆ ಪೊಟ್ಟಣಗಳೊಡನೆ ವಾಪಸ್.)

ಗೌರಮ್ಮ: ಶಿವಣ್ಣಾ, ಇದನ್ನ ಇಟ್ಕೊಂಡು 82 ವಾಪಸ್ ಕೊಡು. ಎದುರಂಗಡೀಲಿ ಈಗಷ್ಟೇ 40 ಅಂತ ಬೋರ್ಡ್ ಹಾಕವ್ರೆ.

ಶಿವಣ್ಣ: ಏನಮ್ಮಾ ಇದು? ಅಲುಗಾಡಲ್ಲ ಅಂದ್ಯಲ್ಲ!

ಕಾವ್ಯ: ಅದು… ಇಬ್ಬರೂ ಲೆಕ್ಕ ಹಾಕಿ ಆಡ್ತಾರೆ ಅಂತ ಇಟ್ಕೊಂಡಿರ್ತೀವಿ ಅಪ್ಪ.

ಗೌರಮ್ಮ: ಬೇಳೆ ಮಾತ್ರ ಅಲ್ಲಿ ಆರು ರೂಪಾಯಿ ಜಾಸ್ತಿ. ಅದು ನಿಂದೇ ಇರಲಿ.

ಶಿವಣ್ಣ: ನೋಡು, ಸಕ್ಕರೇಲಿ ಬಿಟ್ಟು ಬೇಳೇಲಿ ತೆಗೀತಾನೆ. ಇದು ಆ 28 ಪುಟದಲ್ಲಿ ಇದೆಯಾ?

ಕಾವ್ಯ: ಎರಡು ಸರಕಿನ ಆಟ ಆಗೋಯ್ತು. ಬರೆದು ನೋಡಬೇಕು. (ಅಕ್ಕಿ ಮೂಟೆಯ ಮೇಲೇ ಪೆನ್ನು ತೆಗೆಯುತ್ತಾಳೆ.)

ಶಿವಣ್ಣ: ಬರೆಯೋದು ಆಮೇಲೆ. ಅವನ ಮಗನೂ ನಿಮ್ಮ ಕಾಲೇಜೇ ತಾನೇ? ಇನ್ನೊಂದು ಫಾರಂ ಇದ್ರೆ ತಾ. ಅವನಿಗೂ ಮ್ಯಾಥ್ಸ್ ಕೊಡಿಸಿಬಿಡೋಣ.