‘ಡಿಜೆಗೆಲ್ಲ ನಾವು ಜಗ್ಗಲ್ಲ’

ಗಣೇಶನ ಮೆರವಣಿಗೆಯ ಡಿಜೆಗೆ ವಾರ್ಡಿನ ಕಿಟಕಿ ಗಾಜೆಲ್ಲ ನಡುಗುತ್ತಿತ್ತು. ಮೂಲೆ ಮಂಚದ ಅಜ್ಜನ ಯೂರಿನ್ ಪೈಪಿನೊಳಗೆ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳ ಲೋಳೆಪದರ, ಅಂದರೆ ಬಯೋಫಿಲ್ಮ್, ಮಾತ್ರ ನಿರಾಳವಾಗಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ನಿಮ್ಮನ್ನು ಅಲ್ಟ್ರಾಸೌಂಡಿನಿಂದ ಕಿತ್ತುಹಾಕ್ತಾರಂತೆ?

ಬಯೋಫಿಲ್ಮ್: ಅದಿರಲಿ, ಮೊದಲು ಅಜ್ಜನ ಮೂತ್ರದ ಕಲ್ಚರ್ ರಿಪೋರ್ಟಿನ ವಿಷಯ ಬರ್ಕೊಳ್ಳಿ. ಔಷಧಕ್ಕೆ ‘ಸೆನ್ಸಿಟಿವ್’ ಅಂತ ಷರಾ. ಪರೀಕ್ಷೆ ಯಾರ ಮೇಲೆ? ಮೂತ್ರದಲ್ಲಿ ತೇಲಿಹೋದ ನಾಲ್ಕು ಅಲೆಮಾರಿಗಳ ಮೇಲೆ! ಲೋಳೆಯ ಗೋಡೆ ಎಬ್ಬಿಸಿ ಸಂಸಾರ ಹೂಡಿರೋ ನಮ್ಮನ್ನು ಯಾರಾದರೂ ವಿಚಾರಿಸಿದ್ದಾರಾ? ಆ ಅಲೆಮಾರಿಗಳು ಸಾಯೋ ಡೋಸನ್ನು ಸಾವಿರ ಪಟ್ಟು ಏರಿಸಿದರೂ ನಮ್ಮಲ್ಲಿ ಬದುಕುಳಿಯೋರಿದ್ದಾರೆ.

ಪ್ರಶ್ನೆ: ಸದ್ದಿನ ವಿಷಯಕ್ಕೆ ಬರೋಣ. ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಘೋಷಿಸಬಹುದು ಅಂತ 2000ದ ನಿಯಮವೇ ಇದೆ. ಅಲ್ಲಿ ಹಗಲಲ್ಲಿ 50 ಡೆಸಿಬಲ್ ದಾಟೋ ಹಾಗಿಲ್ಲ. ಈ ಡಿಜೆ...

ಬಯೋಫಿಲ್ಮ್: ಡಿಜೆಗೆಲ್ಲ ನಾವು ಜಗ್ಗಲ್ಲ. ನಿಮ್ಮ ಕಿವಿಗೇ ಕೇಳದ, 20,000 ಹರ್ಟ್ಸ್ ಮೀರಿದ ಸದ್ದೇ ನಮಗೆ ಕಂಟಕ. ದ್ರವದಲ್ಲಿ ಸಣ್ಣ ಗುಳ್ಳೆ ಎದ್ದು, ಊದಿ, ಪಟ್ಟನೆ ಕುಸೀತವೆ. ಆ ಏಟಿಗೆ ಗೋಡೆ ಬಿರುಕು ಬಿಟ್ಟು ಔಷಧ ಒಳನುಗ್ಗುತ್ತೆ. ಹಲ್ಲಿನ ಮೇಲಿರೋ ನಮ್ಮ ದಾಯಾದಿಗಳನ್ನೇ ನೋಡಿ. 1683ರಲ್ಲಿ ಲೀವೆನ್‌ಹುಕ್ ರಾಯಲ್ ಸೊಸೈಟಿಗೆ ಅವರ ಬಗ್ಗೆ ಪತ್ರ ಬರೆದ. ಅಂಥ ಮನೆತನದವರನ್ನು ಈಗ ದಂತವೈದ್ಯರು ಅಲ್ಟ್ರಾಸೌಂಡ್ ಸ್ಕೇಲರ್ ಹಿಡಿದು ಕೆರೆದು ಉಗಿಸ್ತಾರೆ.

ಪ್ರಶ್ನೆ: ಪೈಪಿಗೂ ಅದೇ ಮಾಡಬಹುದಲ್ಲ?

ಬಯೋಫಿಲ್ಮ್: ಕತ್ತರಿ, ಚಿಮುಟವಾದರೆ ಅಲ್ಟ್ರಾಸೌಂಡ್ ತೊಟ್ಟಿಗೆ ಹಾಕಿ ತೊಳೀಬಹುದು. ಈ ಪೈಪಿನ ಸುತ್ತ ಮನುಷ್ಯ ಇದ್ದಾನಲ್ಲ! ಜೋರಾಗಿ ಕೊಟ್ಟರೆ ಅವನ ಮಾಂಸವೇ ಕಾಯುತ್ತೆ. ಮೆಲ್ಲಗೆ ಕೊಟ್ಟರೆ, (ನಗು) ಕೆಲವು ಪ್ರಯೋಗಗಳಲ್ಲಿ ನಾವು ಮೊದಲಿಗಿಂತ ಬೇಗ ಬೆಳೆದಿದ್ದೀವಿ.

ಪ್ರಶ್ನೆ: ಡಿಜೆಯವನೂ ಹೀಗೇ. ಮೆಲ್ಲಗೆ ಹೇಳಿದಷ್ಟೂ ವಾಲ್ಯೂಮ್ ಏರಿಸ್ತಾನೆ. ಅಂದಹಾಗೆ, ಅಜ್ಜನಿಗೆ ರಾತ್ರಿಯಿಂದ ಚಳಿಜ್ವರ. ಅದಕ್ಕೇನಂತೀರಿ?

ಬಯೋಫಿಲ್ಮ್: ಆ ಕಲ್ಚರ್ ರಿಪೋರ್ಟ್ ಇದೆಯಲ್ಲ...

ಪ್ರಶ್ನೆ: ರಿಪೋರ್ಟ್ ಅತ್ಲಾಗಿಡಿ! ಅಜ್ಜ ಎದ್ದು ಓಡಾಡ್ತಿದ್ದಾರೆ, ಈ ಪೈಪ್ ಇನ್ನೂ ಯಾಕಿದೆ? ಹಾಕಿದ ಮೇಲೆ ಪ್ರತಿ ದಿನವೂ ಶೇಕಡಾ 3ರಿಂದ 7ರಷ್ಟು ಜನರ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತೆ ಅಂತ ವೈದ್ಯರೇ ಓದಿರ್ತಾರೆ. ರೌಂಡ್ಸಿಗೆ ಬಂದವರು ಚೀಲದಲ್ಲಿ ಎಷ್ಟು ತುಂಬಿದೆ ಅಂತ ನೋಡ್ತಾರೆ, ಪೈಪು ಬೇಕಾ ಬೇಡವಾ ಅಂತ ಕೇಳಲ್ಲ. ಇದ್ದರೆ ಹಾಸಿಗೆ ಒದ್ದೆಯಾಗಲ್ಲ, ಕಕ್ಕಸಿಗೆ ಕರ್ಕೊಂಡು ಹೋಗೋ ಕೆಲಸ ಇಲ್ಲ. ಇಡೀ ವಾರ್ಡಿಗೆ ಇಬ್ಬರೇ ಸಿಸ್ಟರನ್ನು ಇಟ್ಟರೆ ಅವರಾದರೂ ಏನು ಮಾಡಿಯಾರು? ಆಮೇಲೆ ಜ್ವರ, ಆಮೇಲೆ ದುಬಾರಿ ಇಂಜೆಕ್ಷನ್, ಆ ಬಿಲ್ಲೂ ಅಜ್ಜನ ಮಗನ ತಲೆಗೇ. ಇದಕ್ಕೆ ಯಾವ ಅಲ್ಟ್ರಾಸೌಂಡ್ ಬೇಕು? ಪೈಪನ್ನು ಒಳಗೆ ಹಿಡಿದಿಟ್ಟಿರೋ ಬಲೂನಿನ ನೀರನ್ನು ಸಿರಿಂಜಿನಲ್ಲಿ ಎಳೆದರೆ ಪೈಪು ಈಚೆಗೆ ಬರುತ್ತೆ!

ಬಯೋಫಿಲ್ಮ್: ಸ್ವಲ್ಪ ಮೆಲ್ಲಗೆ ಸಾರ್, ಸಿಸ್ಟರ್ ಕೇಳಿಸ್ಕೊಂಡಾರು.