ಧೂಮಪುನರಾಗಮನ ಮೀಮಾಂಸೆ

ಪೀಠಿಕೆ: ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎಂಬುದು ನಮ್ಮ ತಾರ್ಕಿಕರು ಬೆಟ್ಟ ತೋರಿಸಿ ಕಲಿಸಿದ ಮೊದಲ ಪಾಠ. ಶಿರಾಡಿ ಘಾಟಿಯಲ್ಲಿ ನನ್ನ ಡೀಸೆಲ್ ಕಾರು ಅದನ್ನು ಸುಳ್ಳು ಮಾಡಿತು. ಬೆಟ್ಟವಿತ್ತು, ಕರಿಹೊಗೆ ಧಾರಾಳವಾಗಿತ್ತು, ಎಂಜಿನ್ನಿನಲ್ಲಿ ಮಾತ್ರ ಬೆಂಕಿಯ ಸುಳಿವಿರಲಿಲ್ಲ. ಮರಳು ಹೊತ್ತ ಲಾರಿಯೂ ಹಾರ್ನ್ ಹೊಡೆದು ಮುಂದೆ ಹೋಯಿತು. ತರ್ಕದ ಅನುಮಾನ ಮುರಿದುಬಿದ್ದು, ಮನಸ್ಸಿನ ಅನುಮಾನ ಶುರುವಾಯಿತು.

ಲಕ್ಷಣ: ಈಜಿಆರ್ ವಾಲ್ವ್ ಎಂದರೆ ಹೊಗೆಗೆ ಪುನರ್ಜನ್ಮ ಕೊಡುವ ಬಾಗಿಲು. ಸೈಲೆನ್ಸರಿಗೆ ಹೊರಟ ಹೊಗೆಯ ಒಂದು ಪಾಲನ್ನು ಅದು ತಿರುಗಿ ಎಂಜಿನ್ನಿಗೇ ಉಣಿಸುತ್ತದೆ. ಇದರಿಂದ ಉರಿಯ ಕಾವು ತಗ್ಗುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲಿರುವ ಸಾರಜನಕ ಆಮ್ಲಜನಕದ ಸಹವಾಸಕ್ಕೆ ಬಿದ್ದು ವಿಷವಾಗುವುದೂ ತಗ್ಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಈ ಬಾಗಿಲು ಮುಚ್ಚಬೇಕು. ಮಸಿಯೂ ಎಣ್ಣೆಯ ಆವಿಯೂ ಸೇರಿ ಅಂಟಿಕೊಂಡರೆ ಮುಚ್ಚುವುದಿಲ್ಲ.

ಪ್ರತ್ಯಕ್ಷ: ಗ್ಯಾರೇಜಿನ ಸ್ಕ್ಯಾನರ್ ಪಿ0402 ಎಂಬ ಸೂತ್ರ ನುಡಿಯಿತು. ಭಾಷ್ಯ: ಹೊಗೆಯ ಹರಿವು ಅತಿಯಾಗಿದೆ. ವಾಲ್ವ್ ಬಿಚ್ಚಿದರೆ, ಅಜ್ಜಿಮನೆಯ ಒಲೆ ಮೇಲಿನ ಇಲ್ಲಣವನ್ನು ಕೀಲೆಣ್ಣೆಯಲ್ಲಿ ಕಲಸಿ ಮೆತ್ತಿದ ಹಾಗಿತ್ತು.

ಪೂರ್ವಪಕ್ಷ: ಇಲ್ಲಿ ತಗಡುವಾದಿಗಳ ಮತವನ್ನು ಮೆಕ್ಯಾನಿಕ್ ಮಂಡಿಸಿದ: "ಸಾರ್, ಒಂದು ತಗಡು ಕತ್ತರಿಸಿ ಬ್ಲಾಕ್ ಮಾಡಿಬಿಡ್ತೀನಿ. ಆಮೇಲೆ ಪಿಕಪ್ ನೋಡಿ!"

ಖಂಡನೆ: ಆಗ ಸಾರಜನಕದ ವಿಷ ಹಿಂದೆ ಬರುವ ಸ್ಕೂಟರಿನವರ ಮೂಗಿಗೆ. ನಮ್ಮ ಎಂಜಿನ್ನಿನ ಪಥ್ಯ ತಪ್ಪಿಸಿ ಅವರಿಗೆ ಕೆಮ್ಮು ಹಂಚಲು ಯಾವ ಶಾಸ್ತ್ರದ ಅಪ್ಪಣೆಯೂ ಇಲ್ಲ. ಪರೀಕ್ಷೆಯ ಹೊತ್ತಿಗೆ ಮಾತ್ರ ಮಡಿಯುಡುವ ತಂತ್ರಾಂಶ ಅಳವಡಿಸಿ 2015ರಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ಕಂಪನಿಯನ್ನು ಈ ಪಂಥದ ಆಚಾರ್ಯಪೀಠವೆನ್ನಬಹುದು.

ಸಿದ್ಧಾಂತ: ವಾಲ್ವಿಗೆ ಕ್ಲೀನರ್ ಹೊಡೆದು, ವೈರು ಕೂಡುವ ಕಡೆ ತಾಗದಂತೆ ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸುವುದು. ಅದರ ಮೋಟಾರೇ ಸತ್ತಿದ್ದರೆ ಹೊಸ ವಾಲ್ವಿಗೆ ದುಡ್ಡು ಬಿಚ್ಚುವುದು. ಕೊತ್ತಂಬರಿ ಸೊಪ್ಪು ತರಲು ಕಾರು ತೆಗೆಯುವುದನ್ನು ಬಿಡುವುದು. ಎಂಜಿನ್ ಬಿಸಿಯಾಗುವ ಮೊದಲೇ ಆರಿಸುತ್ತಿದ್ದರೆ ಮಸಿ ಬೇಗ ಕಟ್ಟುತ್ತದೆ.

ಫಲಶ್ರುತಿ: ಮುಂದಿನ ವಾರ ಅದೇ ಘಾಟಿ. ಕಾರು ಹೊಗೆಯಿಲ್ಲದೆ ಹತ್ತಿತು. ಬೆಂಕಿಯಿದ್ದೂ ಹೊಗೆಯಿಲ್ಲದ್ದಕ್ಕೆ ತಾರ್ಕಿಕರು ಕೊಡುವ ಉದಾಹರಣೆ ಕಾದ ಕಬ್ಬಿಣದ ಗುಂಡು. ಅದರ ಪಕ್ಕದಲ್ಲಿ ನನ್ನ ಕಾರನ್ನೂ ನಿಲ್ಲಿಸಬಹುದು, ಮುಂದಿನ ಸರ್ವಿಸಿನವರೆಗೆ.